ತಿಪ್ಪೆಗೆ ಎಸೆದ ತೊಗಲು: ಆಕ್ಷೇಪಿಸಿದವರಿಗೆ ಉತ್ತರ

ಯುಗಾದಿಯ ಮರುದಿನ ಹೊಸತೊಡಕು. ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಅಂದು ಬೆಳಗಿನ ಜಾವಕ್ಕೇ ಕುರಿ, ಮೇಕೆ ಕಡಿದು ಗುಡ್ಡೆ ಹಾಕುತ್ತಾರೆ. ಮಾಂಸದಲ್ಲಿ ಒಂದು ಚೂರೂ ಉಳಿಯುವುದಿಲ್ಲ. ತಲೆಗೆ, ಕಾಲಿಗೆ, ಬೋಟಿಗೆ ಕೂಡ ಕೇಳುವವರಿದ್ದಾರೆ. ಚರ್ಮವನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಿಂದೆ ಕಡಿದವನು ಕೂಲಿಯ ಭಾಗವಾಗಿ ಚರ್ಮವನ್ನು ಕೇಳಿ ಪಡೆಯುತ್ತಿದ್ದ. ಈಗ ಕೊಟ್ಟರೂ ಬೇಡವೆನ್ನುತ್ತಾನೆ, ಹಚ್ಚುವ ಉಪ್ಪಿನ ದುಡ್ಡೂ ಅದರಲ್ಲಿ ಹುಟ್ಟುವುದಿಲ್ಲ. ಹಾಗಾಗಿ ಅದು ತಿಪ್ಪೆಗೋ ಕೆರೆಯ ಅಂಚಿಗೋ ಹೋಗಿ ಬೀಳುತ್ತದೆ.

ಈ ಚರ್ಮವನ್ನು ನಮ್ಮ ಜಿಲ್ಲೆಯಲ್ಲೇ ಚೀಲ, ಬೆಲ್ಟು, ಚಪ್ಪಲಿ ಮಾಡುವವರು ನ್ಯಾಯವಾದ ಬೆಲೆಗೆ ಕೊಳ್ಳಬೇಕು, ಫ್ಯಾಷನ್ ಓದುವ ಮಕ್ಕಳಿಗೆ ಬಟ್ಟೆಯ ಜೊತೆ ಚರ್ಮದ ಕೆಲಸವನ್ನೂ ಕಲಿಸಬೇಕು, ತಾನಾಗಿ ಸತ್ತ ದನದ ತೊಗಲನ್ನು ಹೂತು ಹಾಳುಮಾಡಬಾರದು ಎಂದು ನಾನು ವಾದಿಸುತ್ತ ಬಂದಿದ್ದೇನೆ. ಅದಕ್ಕೆ ವಿರೋಧ ಬಂದದ್ದು ಒಂದೇ ದಿಕ್ಕಿನಿಂದಲ್ಲ. ಪ್ರಾಣಿದಯೆಯವರು, ನದಿಗಳ ಬಗ್ಗೆ ಚಿಂತಿಸುವವರು, ದಲಿತ ಚಳವಳಿಯಲ್ಲಿ ಬೆಳೆದವರು, ಕಾನೂನಿಗೆ ಅಂಜುವವರು ಎಲ್ಲರೂ ಬೇಡ ಎಂದಿದ್ದಾರೆ. ಇವರಲ್ಲಿ ಹೆಚ್ಚಿನವರು ನನಗೆ ಗೌರವವಿರುವ ಜನ. ಆದ್ದರಿಂದ ಎಲ್ಲರಿಗೂ ಸೇರಿಸಿ ಒಂದು ಉತ್ತರ ಕೊಡುವ ಬದಲು ಒಂದೊಂದೇ ಆಕ್ಷೇಪವನ್ನು ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಅಹಿಂಸೆಯ ಮಾತು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಶ್ರವಣಬೆಳಗೊಳವಿದೆ. ಎಲ್ಲವನ್ನೂ ಬಿಟ್ಟು ನಿಂತ ಬಾಹುಬಲಿಯ ನೆಲದಲ್ಲಿ ಪ್ರಾಣಿಯ ಚರ್ಮದಿಂದ ಅಲಂಕಾರದ ವಸ್ತು ಮಾಡುವುದು ಸಲ್ಲದು, ಚರ್ಮ ಕೊಳ್ಳುವವನು ಕೊಲ್ಲುವವನಿಗೆ ಹಣ ಕೊಡುತ್ತಾನೆ ಎಂಬುದು ಇದರ ಸಾರ. ಮಾಂಸ, ಹಾಲು, ರೇಷ್ಮೆ ಎಲ್ಲವನ್ನೂ ಬಿಟ್ಟು ಬದುಕುವವರು ಈ ಮಾತನ್ನು ಹೇಳಿದರೆ ನಾನು ತಲೆಬಾಗುತ್ತೇನೆ, ಅವರೊಂದಿಗೆ ನನಗೆ ಜಗಳವಿಲ್ಲ. ಆದರೆ ಈ ಆಕ್ಷೇಪ ಎತ್ತಿದ ಬಹಳ ಜನ ರೇಷ್ಮೆ ಉಡುತ್ತಾರೆ, ಹಾಲು ಕುಡಿಯುತ್ತಾರೆ. ಒಂದು ಸೀರೆಯ ರೇಷ್ಮೆಗೆ ಸಾವಿರಾರು ಗೂಡುಗಳೊಳಗಿನ ಹುಳುಗಳನ್ನು ಬಿಸಿಯಲ್ಲಿ ಸಾಯಿಸಿ ನೂಲು ತೆಗೆಯುತ್ತಾರೆ. ಅಲ್ಲಿ ಪ್ರಾಣಿ ಸಾಯುವುದೇ ಬಟ್ಟೆಗಾಗಿ. ಕುರಿಯ ವಿಷಯ ಹಾಗಲ್ಲ, ಅದು ಸಾಯುವುದು ಸಾರಿಗಾಗಿ. ಚರ್ಮದ ಬೆಲೆ ನೆಲಕಚ್ಚಿರುವ ಇಂದಿನ ಸ್ಥಿತಿಯೇ ಇದಕ್ಕೆ ಸಾಕ್ಷಿ. ಚರ್ಮ ಬಿಟ್ಟಿ ಹೋಗುತ್ತಿರುವಾಗಲೂ ಹೊಸತೊಡಕಿನ ದಿನ ಮಾಂಸದಂಗಡಿಯ ಮುಂದಿನ ಸಾಲು ಒಂದು ಮಾರೂ ಕಡಿಮೆಯಾಗಿಲ್ಲ. ಕೊಳ್ಳುವುದನ್ನು ನಿಲ್ಲಿಸಿದರೆ ಕೊಲ್ಲುವುದು ನಿಲ್ಲುತ್ತದೆ ಎಂಬ ವಾದವನ್ನು ನಮ್ಮ ಜಿಲ್ಲೆ ಗೊತ್ತಿಲ್ಲದೆಯೇ ಪರೀಕ್ಷೆ ಮಾಡಿ ನೋಡಿದೆ. ನಿಂತಿಲ್ಲ.

ಹಾಲಿನ ವಿಷಯವನ್ನು ಇನ್ನೂ ನೇರವಾಗಿ ಹೇಳಬೇಕು, ಏಕೆಂದರೆ ಹಾಸನ ಹಾಲಿನ ಜಿಲ್ಲೆ. ಮಿಶ್ರತಳಿಯ ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು, ಹಾಕಿದ್ದರಲ್ಲಿ ಅರ್ಧದಷ್ಟು ಗಂಡು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಆ ಗಂಡುಕರುವಿಗೆ ಕೊಟ್ಟಿಗೆಯಲ್ಲಿ ಜಾಗವಿಲ್ಲ. ಹಳ್ಳಿಕಾರ್ ಹೋರಿಗಾದರೆ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಬೆಲೆಯಿದೆ, ಮರ್ಯಾದೆಯಿದೆ. ಮಿಶ್ರತಳಿಯ ಗಂಡುಕರು ಹುಟ್ಟಿದ ವಾರದಲ್ಲೇ ಕಾಣೆಯಾದರೆ ಎಲ್ಲಿ ಹೋಯಿತು ಎಂದು ಕೇಳುವವರಿಲ್ಲ. ಬೆಳಿಗ್ಗೆ ಕುಡಿಯುವ ಕಾಫಿಯಲ್ಲಿ ಈ ಸಾವು ಬೆರೆತಿದೆ. ಅದನ್ನು ನೋಡದೆ ಚಪ್ಪಲಿ ಹೊಲಿಯುವವನ ಕೈಯಲ್ಲಿ ಮಾತ್ರ ಹಿಂಸೆ ಕಾಣುವುದು ಸರಿಯಾದ ನೋಟವಲ್ಲ.

ಇದೇ ಸಾಲಿನಲ್ಲಿ ರುದ್ರಪಟ್ಟಣವನ್ನು ನೆನೆಯಬೇಕು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಈ ಊರು ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು, ರುದ್ರಪಟ್ಟಣ ಸಹೋದರರನ್ನು ಕರ್ನಾಟಕ ಸಂಗೀತಕ್ಕೆ ಕೊಟ್ಟಿತು. ವರ್ಷವರ್ಷವೂ ಅಲ್ಲಿ ಸಂಗೀತೋತ್ಸವ ನಡೆಯುತ್ತದೆ. ಅಲ್ಲಿ ನುಡಿಯುವ ಮೃದಂಗದಲ್ಲಿ ಹಸು, ಎಮ್ಮೆ, ಮೇಕೆ ಮೂರರ ಚರ್ಮವೂ ಇದೆ. ಎರಡು ಬದಿಯ ಮುಚ್ಚಿಗೆಗಳೂ ಚರ್ಮ, ಅವನ್ನು ಬಿಗಿಯುವ ಬಾರೂ ಚರ್ಮ. ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಮೃದಂಗ ತಯಾರಿಸುವವರ ಬಗ್ಗೆ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕ ಬರೆದಾಗ ಎದ್ದ ಗದ್ದಲಕ್ಕೆ ಕಾರಣವೇ ಇದು. ನಾದವನ್ನು ಪೂಜಿಸುವವರಿಗೆ ಆ ಚರ್ಮದ ಮೂಲ ಕಿವಿಗೆ ಬೀಳುವುದು ಬೇಕಿರಲಿಲ್ಲ. ಹಬ್ಬದ ತಮಟೆಯಿಂದ ಹಿಡಿದು ದೇವಸ್ಥಾನದ ನಗಾರಿಯವರೆಗೆ ನಮ್ಮ ಯಾವ ಉತ್ಸವವೂ ತೊಗಲಿಲ್ಲದೆ ಹೊರಡುವುದಿಲ್ಲ. ಪೂಜೆಗೆ ಒಪ್ಪುವ ತೊಗಲು ಹೆಗಲ ಚೀಲಕ್ಕೆ ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ಆಕ್ಷೇಪಿಸಿದವರಿಂದ ನನಗೆ ಇನ್ನೂ ಉತ್ತರ ಬಂದಿಲ್ಲ.

ಗಾಂಧೀಜಿಗಿಂತ ದೊಡ್ಡ ಅಹಿಂಸಾವಾದಿಯನ್ನು ಯಾರೂ ನನ್ನ ಮುಂದೆ ತರಲಾರರು. ದಕ್ಷಿಣ ಆಫ್ರಿಕಾದಲ್ಲಿ ಚಪ್ಪಲಿ ಹೊಲಿಯಲು ಕಲಿತು, ತಮ್ಮನ್ನು ಜೈಲಿಗೆ ಹಾಕಿಸಿದ ಜನರಲ್ ಸ್ಮಟ್ಸ್‌ಗೆ ತಾವೇ ಮಾಡಿದ ಜೋಡು ಕೊಟ್ಟವರು ಅವರು. ಭಾರತಕ್ಕೆ ಬಂದ ಮೇಲೆ ಸಾಬರಮತಿಯಲ್ಲಿ, ಮುಂದೆ ವಾರ್ಧಾದ ನಾಲ್ವಾಡಿಯಲ್ಲಿ, ತಾನಾಗಿ ಸತ್ತ ದನದ ಚರ್ಮವನ್ನು ಹದ ಮಾಡುವ ಕೆಲಸಕ್ಕೆ ಅವರ ಬೆಂಬಲವಿತ್ತು. ಸತ್ತ ದನವನ್ನು ಹಾಗೇ ಹೂಳುವುದು ರೈತನಿಗೂ ದೇಶಕ್ಕೂ ನಷ್ಟ ಎಂಬುದು ಅವರ ನಿಲುವು. ನಾನು ಕೇಳುತ್ತಿರುವುದು ಅದಕ್ಕಿಂತ ಹೆಚ್ಚೇನಲ್ಲ.

ಎರಡನೆಯ ಆಕ್ಷೇಪ ಎರಡೇ ವಾಕ್ಯದ್ದು: ಚರ್ಮವನ್ನು ಒಪ್ಪಿದರೆ ತುಪ್ಪಳವನ್ನೂ ಒಪ್ಪಬೇಕಾಗುತ್ತದೆ. ಎರಡೂ ಒಂದೇ. ಇಲ್ಲ, ಒಂದೇ ಅಲ್ಲ. ಮಿಂಕ್, ನರಿಗಳನ್ನು ಬದುಕಿಡೀ ತಂತಿಯ ಪಂಜರದಲ್ಲಿಟ್ಟು ಬೆಳೆಸುವುದು, ಕೊಲ್ಲುವುದು ಎಲ್ಲವೂ ತುಪ್ಪಳಕ್ಕಾಗಿಯೇ. ಕರಾಕುಲ್ ಕುರಿಯ ಆಗತಾನೇ ಹುಟ್ಟಿದ ಮರಿಯನ್ನು ಉಣ್ಣೆಯ ಸುರುಳಿ ಬಿಚ್ಚಿಕೊಳ್ಳುವ ಮೊದಲೇ ಕೊಲ್ಲುತ್ತಾರೆ. 2020ರ ನವೆಂಬರಿನಲ್ಲಿ ಮಿಂಕ್‌ಗಳಿಗೆ ಕೊರೊನಾ ತಗಲಿದ್ದಕ್ಕೆ ಡೆನ್ಮಾರ್ಕ್ ದೇಶ ತನ್ನಲ್ಲಿದ್ದ ಸುಮಾರು 1.7 ಕೋಟಿ ಮಿಂಕ್‌ಗಳನ್ನೂ ಕೊಲ್ಲಲು ಆದೇಶಿಸಿತು. ಅಷ್ಟೊಂದು ಜೀವಗಳನ್ನು ಒಂದು ಕೋಟಿನ ಕಾಲರಿಗಾಗಿ ಒಟ್ಟುಗೂಡಿಸಿದ್ದರು ಎಂಬುದು ಜಗತ್ತಿನ ಕಣ್ಣಿಗೆ ಆಗ ಕಂಡಿತು. ಮಿಂಕ್, ನರಿ, ಚಿಂಚಿಲಾ ತುಪ್ಪಳವನ್ನೂ ಸರೀಸೃಪಗಳ ಚರ್ಮವನ್ನೂ ಆಮದು ಮಾಡಿಕೊಳ್ಳುವುದನ್ನು ಭಾರತ 2017ರ ಜನವರಿಯಲ್ಲಿ ನಿಷೇಧಿಸಿದ್ದು ಒಳ್ಳೆಯ ಕೆಲಸ. ಕಾಡುಪ್ರಾಣಿಯ ಚರ್ಮ, ಉಗುರು ತೊಡುವುದನ್ನು 1972ರ ವನ್ಯಜೀವಿ ಕಾಯಿದೆ ತಡೆದಿದೆ. ಹುಲಿ ಉಗುರಿನ ಲಾಕೆಟ್ಟಿನ ಹುಚ್ಚು ನಮ್ಮಲ್ಲಿ ಇನ್ನೂ ಎಷ್ಟಿದೆ ಎಂಬುದು 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಸಾಲುಸಾಲಾಗಿ ದೂರುಗಳು ಬಂದಾಗ ಬಯಲಾಯಿತು. ಇವೆಲ್ಲದರಲ್ಲಿ ನಾನು ಆಕ್ಷೇಪಿಸುವವರ ಜೊತೆಯೇ ನಿಲ್ಲುತ್ತೇನೆ. ಯಾವ ಪ್ರಾಣಿಯನ್ನು ಅದರ ಚರ್ಮಕ್ಕಾಗಿಯೇ ಕೊಂದಿದ್ದಾರೋ ಆ ಚರ್ಮವನ್ನು ಕೊಳ್ಳಕೂಡದು. ನನ್ನ ಗೆರೆ ಇಲ್ಲಿದೆ, ಅದನ್ನು ಚರ್ಮಕ್ಕೂ ತುಪ್ಪಳಕ್ಕೂ ನಡುವೆ ಎಳೆಯುವುದು ಕಷ್ಟವೇನಲ್ಲ.

ಇನ್ನು ಮೂರನೆಯ ಆಕ್ಷೇಪ, ಚರ್ಮದ ಬದಲು ರೆಗ್ಜಿನ್ ಸಾಕು ಎನ್ನುವವರದು. ಈಗ ಅದನ್ನು ‘ವೀಗನ್ ಲೆದರ್’ ಎಂದು ಮಾರುತ್ತಾರೆ. ಹಾಸನದ ಅಂಗಡಿಗಳಲ್ಲಿ ಸಿಗುವ ಈ ಚೀಲಗಳಲ್ಲಿ ಹೆಚ್ಚಿನವು ಬಟ್ಟೆಯ ಮೇಲೆ ಬಳಿದ ಪಿವಿಸಿ ಅಥವಾ ಪಾಲಿಯುರೇಥೇನ್, ಅಂದರೆ ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್. ಪಾಲಿಯುರೇಥೇನ್ ತೇವಕ್ಕೆ ಒಡೆಯುತ್ತದೆ. ಸಕಲೇಶಪುರದ ಕಡೆಯಿಂದ ಬೀಸುವ ಮಳೆಗಾಲದ ಗಾಳಿಗೆ ಎರಡು ಮೂರು ವರ್ಷದಲ್ಲಿ ಮೇಲ್ಪದರ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಆಮೇಲೆ ಅದನ್ನು ರಿಪೇರಿ ಮಾಡಲಾಗದು, ಕೊಳೆಸಲಾಗದು, ಸುಟ್ಟರೆ ವಿಷದ ಹೊಗೆ. ಚರ್ಮದ ಚಪ್ಪಲಿಯ ಅಟ್ಟೆ ಸವೆದರೆ ಬೇರೆ ಅಟ್ಟೆ ಹಾಕಿಸಿ ಮತ್ತೆ ಮೆಟ್ಟಬಹುದು. ಮೇಯಲು ಬಿಟ್ಟ ದನ ತಿಪ್ಪೆಯಲ್ಲಿ ಪ್ಲಾಸ್ಟಿಕ್ ನುಂಗಿ ಹೊಟ್ಟೆಯುಬ್ಬಿ ಸಾಯುವುದನ್ನು ನೋಡಿದವರಿಗೆ, ಪ್ಲಾಸ್ಟಿಕ್ ಚೀಲವನ್ನು ದಯೆಯ ಚೀಲ ಎಂದು ಕರೆಯಲು ನಾಲಿಗೆ ಏಳುವುದಿಲ್ಲ.

ಗಿಡಮೂಲದ ವಸ್ತುಗಳೂ ಬಂದಿವೆ, ನಿಜ. ಅನಾನಸ್ ಎಲೆಯ ನಾರಿನದು ಒಂದಿದೆ. ಕೇರಳದಲ್ಲಿ ಎಸೆದುಹೋಗುವ ತೆಂಗಿನ ನೀರಿನಲ್ಲಿ ಸೂಕ್ಷ್ಮಾಣು ಬೆಳೆಸಿ ‘ಮಲೈ’ ಎಂಬ ಹಾಳೆ ತಯಾರಿಸುತ್ತಾರೆ. ಚನ್ನರಾಯಪಟ್ಟಣ ತೆಂಗಿನ ಸೀಮೆಯಲ್ಲವೇ, ಇಲ್ಲೇ ಮಾಡಿ ಎಂದವರುಂಟು. ಒಳ್ಳೆಯ ಮನಸ್ಸಿನ ಸಲಹೆ. ಆದರೆ ನಮ್ಮದು ಉಂಡೆ ಕೊಬ್ಬರಿಯ ಸೀಮೆ. ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರೆಲ್ಲ ಇಂಗಿ ಗಿಟಕಾದ ಮೇಲೇ ಸುಲಿಯುವುದು. ಎಸೆಯುವುದಕ್ಕೆ ನೀರೇ ಉಳಿದಿರುವುದಿಲ್ಲ. ಎಸೆಯುತ್ತಿರುವುದು ಚರ್ಮವನ್ನು.

ನಾಲ್ಕನೆಯ ಆಕ್ಷೇಪ ನೀರಿನದು, ಇದರಲ್ಲಿ ತೂಕವಿದೆ. 100 ಕಿಲೋ ಹಸಿ ತೊಗಲು ಕೆಡದಂತಿಡಲು 40 ಕಿಲೋದಷ್ಟು ಉಪ್ಪು ಹಚ್ಚುತ್ತಾರೆ. ಟ್ಯಾನರಿಯಲ್ಲಿ ಮೊದಲು ತೊಳೆದು ಬಿಡುವುದೇ ಆ ಉಪ್ಪನ್ನು. ಆಮೇಲೆ ಸುಣ್ಣ, ಸಲ್ಫೈಡ್, ಕ್ರೋಮಿಯಂ. ಕರ್ನಾಟಕದ ಹಸಿ ತೊಗಲು ಹೆಚ್ಚಾಗಿ ಹೋಗುವುದು ತಮಿಳುನಾಡಿಗೆ. ರಾಣಿಪೇಟೆ, ವಾಣಿಯಂಬಾಡಿ, ಆಂಬೂರಿನ ಟ್ಯಾನರಿಗಳಿಂದ ಪಾಲಾರ್ ನದಿ ಏನಾಯಿತು ಎಂಬುದು ಸುಪ್ರೀಂ ಕೋರ್ಟಿನ 1996ರ ತೀರ್ಪಿನಲ್ಲೇ ಇದೆ. ಕೆಡಿಸಿದವರೇ ದಂಡ ತೆರಬೇಕು ಎಂಬ ತತ್ವವನ್ನು ನಮ್ಮ ಕಾನೂನಿನೊಳಗೆ ಗಟ್ಟಿಯಾಗಿ ನೆಟ್ಟದ್ದು ಆ ವೆಲ್ಲೂರು ಪ್ರಕರಣ. ವಿಶೇಷವೆಂದರೆ ಪಾಲಾರ್ ಹುಟ್ಟುವುದು ನಮ್ಮದೇ ನಂದಿಬೆಟ್ಟದ ಸೀಮೆಯಲ್ಲಿ.

ಹೇಮಾವತಿಯ ದಂಡೆಗೆ ಕ್ರೋಮ್ ಟ್ಯಾನರಿ ತನ್ನಿ ಎಂದು ನಾನು ಎಂದೂ ಹೇಳಿಲ್ಲ. ಬಂದರೆ ಎದುರು ನಿಲ್ಲುವವರಲ್ಲಿ ನಾನೂ ಇರುತ್ತೇನೆ. ನಾನು ಹೇಳಿದ್ದು ತೊಗಟೆಯ ಹದವನ್ನು. ನಮ್ಮ ಬೀಳು ನೆಲದಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡದ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಇವುಗಳಿಂದ ತಲೆಮಾರುಗಳ ಕಾಲ ತೊಗಲು ಹದವಾಗಿದೆ. ಎತ್ತಿನ ಮಿಣಿ, ಕಪಿಲೆ ಬಾವಿಯ ತೊಗಲಬಾನಿ, ಹೊಲದ ಮುಳ್ಳಿಗೆ ಜಗ್ಗದ ಎಕ್ಕಡ ಎಲ್ಲ ಇದರಿಂದಲೇ ಆದವು. ಇದಕ್ಕೆ ವಾರಗಳೇ ಬೇಕು, ಕ್ರೋಮಿನ ಹಾಗೆ ಒಂದೆರಡು ದಿನದಲ್ಲಿ ಮುಗಿಯುವುದಿಲ್ಲ. ಇದರ ಕೊಳೆನೀರೂ ಹಾಗೇ ಹೊಳೆಗೆ ಬಿಡುವಂಥದ್ದಲ್ಲ. ತೊಗಟೆಯ ಕಂದು ನೀರು ಮೀನನ್ನು ಸಾಯಿಸಬಲ್ಲದು, ಅದನ್ನೂ ಶುದ್ಧಮಾಡಬೇಕು. ಆದರೆ ಅದರಲ್ಲಿ ಕ್ರೋಮಿಯಂ ಇಲ್ಲ, ಸಣ್ಣ ಪ್ರಮಾಣದಲ್ಲಿ ಮಾಡಿದರೆ ಹತೋಟಿಗೆ ಸಿಗುತ್ತದೆ. ಚೆನ್ನೈನಲ್ಲಿ 1948ರಿಂದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಉಪ್ಪು ಕಡಿಮೆ ಮಾಡುವ ವಿಧಾನಗಳ ಮೇಲೆ ಅಲ್ಲಿ ದೀರ್ಘಕಾಲದ ಕೆಲಸ ನಡೆದಿದೆ. ಆ ತಿಳಿವಳಿಕೆ ಹಾಸನದವರೆಗೆ ಬರಬೇಕು.

ಎಲ್ಲಕ್ಕಿಂತ ಕಷ್ಟದ ಆಕ್ಷೇಪಕ್ಕೆ ಈಗ ಬರುತ್ತೇನೆ. ‘ಈ ಕೆಲಸವನ್ನು ನಮ್ಮ ಅಪ್ಪಂದಿರು ಬಿಟ್ಟದ್ದು ಸುಮ್ಮನಲ್ಲ. ಮತ್ತೆ ನಮ್ಮ ಮಕ್ಕಳ ಕೈಗೆ ಸತ್ತ ದನ ಕೊಡಬೇಡಿ’ ಎಂದವರು ಮಾದಿಗ ಸಮುದಾಯದ ಹಿರಿಯರು. ಇದಕ್ಕೆ ಉತ್ತರ ಬರೆಯಲು ಕೂತಾಗ ಕೈ ತಡೆಯುತ್ತದೆ. ಊರಿನ ದನ ಸತ್ತರೆ ಎಳೆದುಕೊಂಡು ಹೋಗಬೇಕು, ಸುಲಿಯಬೇಕು, ಹದ ಮಾಡಿ ಎಕ್ಕಡ, ಮಿಣಿ ಮಾಡಿಕೊಡಬೇಕು. ಅದಕ್ಕೆ ಕಣದಲ್ಲಿ ಸಿಗುತ್ತಿದ್ದದ್ದು ಒಂದಿಷ್ಟು ಆಯದ ಕಾಳು, ಊರೊಳಗೆ ಸಿಗುತ್ತಿದ್ದದ್ದು ಅಸ್ಪೃಶ್ಯತೆ. ಅಂಬೇಡ್ಕರ್ 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸವನ್ನು ಬಿಡಿ ಎಂದು ಕರೆ ಕೊಟ್ಟರು. ಕರ್ನಾಟಕದಲ್ಲಿ ಬಿ. ಕೃಷ್ಣಪ್ಪ ಮತ್ತು ಅವರ ಸಂಗಾತಿಗಳು ಕಟ್ಟಿದ ದಲಿತ ಸಂಘರ್ಷ ಸಮಿತಿ ಬೆಳೆದ 1970, 80ರ ದಶಕಗಳಲ್ಲಿ ಎಷ್ಟೋ ಊರುಗಳ ಯುವಕರು ಸತ್ತ ದನ ಹೊರುವುದನ್ನು, ಸಾವಿಗೆ ತಮಟೆ ಬಡಿಯುವುದನ್ನು ನಿಲ್ಲಿಸಿದರು. ಅದು ಮನುಷ್ಯರಾಗಿ ನಿಂತ ಕ್ಷಣ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ಯುವಕರನ್ನು ಕಟ್ಟಿ ಹೊಡೆದಾಗ, ಅಲ್ಲಿನ ದಲಿತರು ಸತ್ತ ದನಗಳನ್ನು ಮುಟ್ಟುವುದಿಲ್ಲವೆಂದು ನಿಂತರು. ಅವರು ಮಾಡಿದ್ದು ಸರಿ.

ಹಾಗಿದ್ದರೆ ನಾನು ಹೇಳುವುದೇನು? ಯಾವ ಜಾತಿಯವರೂ ಈ ಕೆಲಸಕ್ಕೆ ಮರಳಿ ಎಂದು ನಾನು ಹೇಳುತ್ತಿಲ್ಲ. ಈ ಕೆಲಸದ ಕೆಳತುದಿ ಒಂದು ಜಾತಿಗೆ, ಮೇಲ್ತುದಿ ದುಡ್ಡಿದ್ದವರಿಗೆ ಎಂಬ ಹಂಚಿಕೆ ಒಡೆಯಬೇಕು ಎನ್ನುತ್ತಿದ್ದೇನೆ. ಇವತ್ತು ತೊಗಲು ಮುಟ್ಟುವುದು ಅವಮಾನ, ಅದೇ ತೊಗಲಿನ ಶೋರೂಮ್ ಇಡುವುದು ಪ್ರತಿಷ್ಠೆ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಜೋಡುಗಳನ್ನು ಮೂಲದ ಹೆಸರು ಹೇಳದೆ ತೋರಿಸಿತು. ಆ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿದೆ. ಅದರ ವ್ಯಾಪ್ತಿಯ ಎಂಟು ಜಿಲ್ಲೆಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕು ನಮ್ಮವು. ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಗಂಡಸರು ಕತ್ತರಿಸಿ, ಹೆಂಗಸರು ಹೆಣೆದು ಮಾಡುವ ಜೋಡು ಅದು. ಗದ್ದಲವಾದ ಮೇಲೆ ಕಂಪನಿ ಮೂಲವನ್ನು ಒಪ್ಪಿಕೊಂಡು, ಆ ವರ್ಷದ ಡಿಸೆಂಬರಿನಲ್ಲಿ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡಿತು. ಯೋಜನೆ 2,000 ಜೋಡಿಯದು, ಒಂದು ಜೋಡಿಯ ಬೆಲೆ ಸುಮಾರು 800 ಯೂರೋ, ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿಗೂ ಮೇಲೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯರನ್ನು ಶರಣರು ಎದೆಗಪ್ಪಿಕೊಂಡ ನಾಡು ಇದು. ಆ ಕೈಗಳ ಮರ್ಯಾದೆ ನಮಗೆ ನೆನಪಾಗಲು ಇಟಲಿಯ ಕಂಪನಿಯೊಂದು ಬರಬೇಕಾಯಿತು ಎಂಬುದು ನನ್ನನ್ನು ನೋಯಿಸುತ್ತದೆ.

1976ರಲ್ಲಿ ಹುಟ್ಟಿದ ಲಿಡ್ಕರ್‌ಗೆ ನಮ್ಮ ಜಿಲ್ಲೆಯವರೇ ಆದ, ಅರಸೀಕೆರೆ ತಾಲ್ಲೂಕಿನ ನಟ ಧನಂಜಯ 2023ರಲ್ಲಿ ರಾಯಭಾರಿಯಾದರು. ಸಂತೋಷ. ಆದರೆ ಪೋಸ್ಟರಿನಿಂದ ಹೊಲಿಯುವವರ ಮನೆಯ ಒಲೆ ಉರಿಯುವುದಿಲ್ಲ. ಸುಲಿಯುವ ಕೆಲಸ ಯಂತ್ರ, ಕೈಗವಸು, ನೀರು, ನೆರಳು ಇರುವ ಕಟ್ಟಡದಲ್ಲಿ, ಸಂಬಳದ ಮೇಲೆ, ಜಾತಿ ಕೇಳದೆ ನಡೆಯಬೇಕು. ಚೀಲ ಹೊಲಿಯುವ ಘಟಕದಲ್ಲಿ ಗಾರ್ಮೆಂಟ್ಸಿಗೆ ಹೋಗಿಬರುವ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಕೂರಬೇಕು. ಮಾಲೀಕತ್ವದ ಪಾಲು ಮಾತ್ರ ಮೊದಲು ಸಿಗಬೇಕಾದದ್ದು ಈ ವಿದ್ಯೆಯನ್ನು ಅವಮಾನದ ನಡುವೆಯೂ ಉಳಿಸಿಕೊಂಡು ಬಂದ ಮನೆಗಳಿಗೆ, ಅವರು ಬಯಸಿದರೆ. ಬಯಸದಿದ್ದರೆ ಅವರ ಮಕ್ಕಳು ಡಾಕ್ಟರಾಗಲಿ, ಎಂಜಿನಿಯರಾಗಲಿ, ಇದನ್ನು ಬೇರೆಯವರು ಕಲಿಯಲಿ. ಇಷ್ಟು ಹೇಳಿದ ಮೇಲೂ ಆ ಹಿರಿಯರು ಬೇಡವೆಂದರೆ ಅವರ ಮುಂದೆ ನಾನು ವಾದ ಮಾಡುವುದಿಲ್ಲ. ಆ ನೋವನ್ನು ಉಂಡವರು ಅವರು.

ಫ್ಯಾಷನ್ ಕಲಿಯುವ ಮಕ್ಕಳ ಒಂದು ಸಣ್ಣ ತಕರಾರು ಇಲ್ಲೇ ಸೇರುತ್ತದೆ. ಸತ್ತ ದನದ ತೊಗಲು ಚೆನ್ನಾಗಿರುವುದಿಲ್ಲ, ಕಲೆಯಿರುತ್ತದೆ ಎನ್ನುತ್ತಾರೆ. ನಿಜ. ಉಣ್ಣೆಹುಳು ಕಚ್ಚಿದ ಗುರುತು, ನೊಗ ಉಜ್ಜಿದ ಗಾಯ, ಕಾಯಿಲೆಗೆಂದು ಹಾಕಿಸಿದ ಬರೆ ಎಲ್ಲ ಉಳಿದಿರುತ್ತವೆ. ರಕ್ತ ಪೂರ್ತಿ ಬಸಿಯದೆ ಬಣ್ಣವೂ ಮಂಕಾಗಬಹುದು. ದುಡಿದ ಪ್ರಾಣಿಯ ಮೈ ಅದು. ಆ ಗುರುತುಗಳನ್ನು ಬಣ್ಣದಲ್ಲಿ ಮುಚ್ಚದೆ ವಿನ್ಯಾಸದೊಳಕ್ಕೆ ತರುವವರೇ ಒಳ್ಳೆಯ ವಿನ್ಯಾಸಕಾರರಾಗುತ್ತಾರೆ ಎಂದು ನಾನು ನಂಬಿದ್ದೇನೆ.

ಕೊನೆಯದು ಕಾನೂನಿನ ಭಯ. 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯಿದೆ ಹಸು, ಕರು, ಎತ್ತು, ಹೋರಿಗಳ ವಧೆಯನ್ನು ಪೂರ್ತಿ ನಿಷೇಧಿಸಿದೆ. 13 ವರ್ಷ ತುಂಬದ ಎಮ್ಮೆ, ಕೋಣಗಳಿಗೂ ಇದು ಅನ್ವಯ. ಶಿಕ್ಷೆ 3ರಿಂದ 7 ವರ್ಷ, ದಂಡ ಒಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷ. ಇಷ್ಟು ಕೇಳಿದ ಮೇಲೆ ಲಗೇಜ್ ಆಟೋದವನು ಒಂದು ತೊಗಲು ಹಾಕಿಕೊಳ್ಳಲೂ ಹೆದರುತ್ತಾನೆ. ಆದರೆ ಕಾಯಿದೆ ತಡೆಯುವುದು ವಧೆಯನ್ನು, ವಧೆಗಾಗಿ ಮಾರುವುದನ್ನು, ಸಾಗಿಸುವುದನ್ನು. ಕುರಿ, ಮೇಕೆ ಅದರ ವ್ಯಾಪ್ತಿಗೇ ಬರುವುದಿಲ್ಲ. ತಾನಾಗಿ ಸತ್ತ ಹಸುವಿನ ತೊಗಲನ್ನು ಹದ ಮಾಡುವುದು ವಧೆಯಲ್ಲ. ಬೇಕಾಗಿರುವುದು ಅದು ತಾನಾಗಿ ಸತ್ತದ್ದು ಎಂಬುದಕ್ಕೆ ಪುರಾವೆ, ದಾರಿಯಲ್ಲಿ ಯಾರು ಅಡ್ಡಹಾಕಿದರೂ ತೋರಿಸಬಲ್ಲ ಕಾಗದ.

ಆ ಪುರಾವೆಗೆ ಬೇಕಾದ ಗುರುತು ಹೆಚ್ಚಿನ ಹಸುಗಳ ಕಿವಿಯಲ್ಲಿ ಈಗಾಗಲೇ ಇದೆ. ಹಳದಿ ಬಣ್ಣದ, 12 ಅಂಕಿಯ ಕಿವಿಯೋಲೆ. ವಿಮೆ ಮಾಡಿಸಿದ ಹಸು ಸತ್ತರೆ ಪಶುವೈದ್ಯರು ಬಂದು, ಓಲೆಯ ಸಂಖ್ಯೆ ನೋಡಿ, ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡುತ್ತಾರೆ. ಅದೇ ಹಾಳೆಯಲ್ಲಿ ‘ತೊಗಲು ತೆಗೆಯಬಹುದು’ ಅಥವಾ ‘ತೆಗೆಯಕೂಡದು’ ಎಂಬ ಒಂದು ಸಾಲು ಸೇರಿದರೆ ಸಾಕು. ನೆರಡಿ ರೋಗದ ಶಂಕೆಯಿದ್ದರೆ ಹೆಣಕ್ಕೆ ಕತ್ತಿ ತಾಗಿಸಲೇಬಾರದು, ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು. 2022ರಲ್ಲಿ ಬಂದ ಚರ್ಮಗಂಟು ರೋಗದಂಥ ಹೊತ್ತಿನಲ್ಲೂ ಹೂಳುವುದೇ ಸರಿ. ಉಳಿದ ಸಾವುಗಳಲ್ಲಿ ತೊಗಲಿನ ಜೊತೆ ಆ ಸಂಖ್ಯೆ ಹದದ ಮನೆಗೆ ಹೋಗಲಿ, ಅಲ್ಲಿಂದ ಚೀಲದ ಒಳಪಟ್ಟಿಗೆ ಬರಲಿ. ಕೊಳ್ಳುವವಳು ಅಂಗಡಿಯಲ್ಲಿ ನಿಂತು ಇದು ಯಾವ ಹಸು, ಹೇಗೆ ಸತ್ತಿತು, ಯಾರು ಸುಲಿದರು, ಅವರಿಗೆ ಎಷ್ಟು ಸಿಕ್ಕಿತು ಎಂದು ಕೇಳಿದರೆ ಅಂಗಡಿಯವನಲ್ಲಿ ಉತ್ತರವಿರಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಹಾಲು ಒಕ್ಕೂಟವಿದೆ, ಊರೂರಿಗೆ ಡೇರಿ ಕಾರ್ಯದರ್ಶಿಗಳಿದ್ದಾರೆ. ಹಸು ಸತ್ತ ಸುದ್ದಿ ಮೊದಲು ತಲುಪುವುದೇ ಅವರಿಗೆ. ಲಿಡ್ಕರ್ ಇವರನ್ನೆಲ್ಲ ಒಂದು ಮೇಜಿಗೆ ಕರೆದು, ಮೊದಲು ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಲಿ. ಹಾಲಿನ ಹಸುವೂ ದನಗಳ ಜಾತ್ರೆಯೂ ಇರುವ ಚನ್ನರಾಯಪಟ್ಟಣ ಅದಕ್ಕೆ ತಕ್ಕ ಜಾಗ. ಆಕ್ಷೇಪಿಸಿದವರಲ್ಲಿ ಯಾರಾದರೂ ಆ ಮೇಜಿಗೆ ಬಂದು ಕೂತು, ಲೆಕ್ಕದ ಪುಸ್ತಕವನ್ನು ತಾವೇ ತೆರೆದು ತನಿಖೆ ಮಾಡಲು ಒಪ್ಪುವುದಾದರೆ ನನ್ನ ಪಕ್ಕದ ಕುರ್ಚಿ ಅವರಿಗೆ.